ಗಡಿಯಾರಕ್ಕೆ ಹನ್ನೆರಡು, ಮೈಸೂರಿಗೆ ಇನ್ನೂ ಇಪ್ಪತ್ತಮೂರು ನಿಮಿಷ

ನಮ್ಮ ಗಡಿಯಾರಗಳು ತೋರಿಸುವುದು ಮೈಸೂರಿನ ಹೊತ್ತನ್ನಲ್ಲ, ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತನ್ನು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಗ್ರೀನಿಚ್‌ಗಿಂತ ಭಾರತ ಐದೂವರೆ ಗಂಟೆ ಮುಂದಿರುವ ಲೆಕ್ಕ ಇಷ್ಟೇ. ಮೈಸೂರು ಇರುವುದು ಸುಮಾರು 76.65 ಡಿಗ್ರಿಯಲ್ಲಿ. ಆ ರೇಖೆಗಿಂತ 5.85 ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿನ ನಡುಹಗಲು, ಅಂದರೆ ಸೂರ್ಯ ಅತಿ ಎತ್ತರಕ್ಕೇರುವ ಹೊತ್ತು, 23 ನಿಮಿಷ ತಡ. ಮಂಡ್ಯದ್ದು ಮೈಸೂರಿಗಿಂತ ಒಂದು ನಿಮಿಷ ಮೊದಲು.

ಆದರೆ ಇದು ಸರಾಸರಿ. ಭೂಮಿಯ ಕಕ್ಷೆ ದೀರ್ಘವೃತ್ತ, ಅಕ್ಷವೂ ವಾಲಿದೆ. ಹಾಗಾಗಿ ಮೈಸೂರಿನ ನಡುಹಗಲು ನವೆಂಬರ್ ಆರಂಭದಲ್ಲಿ 12:07ಕ್ಕೇ ಬಂದರೆ, ಫೆಬ್ರವರಿ ನಡುವೆ 12:37ರವರೆಗೂ ಕಾಯಿಸುತ್ತದೆ. ಈ ಏರುಪೇರಿಗೆ ಕಾಲ ಸಮೀಕರಣ ಎನ್ನುತ್ತಾರೆ.

ನಡುಹಗಲಿನ ಹೊತ್ತನ್ನೂ ಅದರಿಂದ ನಿಮ್ಮೂರಿನ ರೇಖಾಂಶ, ಅಕ್ಷಾಂಶಗಳನ್ನೂ ತಾರಸಿಯ ಮೇಲೇ ಅಳೆಯಬಹುದು. ಸೆಪ್ಟೆಂಬರ್ 23ರ ಆಸುಪಾಸು ಒಳ್ಳೆಯದು. ಆಗ ಸೂರ್ಯ ಸಮಭಾಜಕದ ನೇರಕ್ಕಿರುವುದರಿಂದ ಲೆಕ್ಕ ಸಲೀಸು. ಕೋಲಿನ ತುದಿಗೆ 5 ಮಿಲಿಮೀಟರ್ ತೂತಿರುವ ರಟ್ಟನ್ನು ಅಡ್ಡಲಾಗಿ ಕಟ್ಟಿ, ತೂತು ನೆಲದಿಂದ ಸರಿಯಾಗಿ 1 ಮೀಟರ್ ಎತ್ತರದಲ್ಲಿರುವಂತೆ ನಿಲ್ಲಿಸಿ. ಬರೀ ಕೋಲಿನ ನೆರಳಿನ ತುದಿ ಸುಮಾರು ಒಂದು ಸೆಂಟಿಮೀಟರ್ ಮಸುಕಾಗಿರುತ್ತದೆ, ಬೆಳಕಿನ ಚುಕ್ಕೆಯ ನಡುವನ್ನು ಗುರುತಿಸುವುದು ಸುಲಭ. ಬುಡವನ್ನು, ಅಂದರೆ ತೂತಿನ ನೇರ ಕೆಳಗಿನ ಬಿಂದುವನ್ನು ಗೊತ್ತುಮಾಡಲು ಮೂಲೆಮಟ್ಟ ಹಿಡಿಯಬೇಡಿ. ನೀರು ಹರಿಯಲೆಂದು ತಾರಸಿಗೆ ಇಳಿಜಾರು ಕೊಟ್ಟಿರುತ್ತಾರೆ. ಆ ತೂತಿನಿಂದಲೇ ಗಾರೆಯವರ ತೂಕದ ಗುಂಡು ಇಳಿಬಿಟ್ಟು, ಅದು ನೆಲ ಮುಟ್ಟುವಲ್ಲಿ ಗುರುತು ಹಾಕಿ. ಈ ಗುರುತು ದಕ್ಷಿಣೋತ್ತರವಾಗಿ ಒಂದು ಡಿಗ್ರಿಯಷ್ಟು, ಅಂದರೆ ಒಂದೂ ಮುಕ್ಕಾಲು ಸೆಂಟಿಮೀಟರ್ ತಪ್ಪಿದರೂ ನಿಮ್ಮ ಲೆಕ್ಕ 111 ಕಿಲೋಮೀಟರ್ ತಪ್ಪಿತು. ಮೈಸೂರಿನ ಅಕ್ಷಾಂಶ ಊಟಿಯ ಆಚೆಗೆ ಜಾರಿರುತ್ತದೆ!

ಚುಕ್ಕೆ ಬುಡಕ್ಕೆ ಅತಿ ಹತ್ತಿರ ಬರುವ ಹೊತ್ತನ್ನೇ ನೋಡುತ್ತ ಕೂತರೆ ಪ್ರಯೋಜನವಿಲ್ಲ. ನಡುಹಗಲಿನ ಆಚೀಚೆ ಐದು ನಿಮಿಷದಲ್ಲಿ ಬುಡದಿಂದ ಅದರ ದೂರ ಬದಲಾಗುವುದು ಒಂದು ಮಿಲಿಮೀಟರ್‌ನಷ್ಟು. ನಮ್ಮ ಹಳೆಯ ಜ್ಯೋತಿಷಿಗಳ ಶಂಕುವಿನ (ನೆರಳು ಅಳೆಯಲು ನೆಟ್ಟ ಕಡ್ಡಿ) ಉಪಾಯವೇ ಮೇಲು. ಬುಡದ ಸುತ್ತ 50 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಚುಕ್ಕೆ ಬೆಳಿಗ್ಗೆ ಸುಮಾರು 10:41ಕ್ಕೆ ವೃತ್ತದ ಒಳಕ್ಕೆ ಬಂದು ಮಧ್ಯಾಹ್ನ 1:51ಕ್ಕೆ ಹೊರಬೀಳುತ್ತದೆ. ಎರಡರ ನಡುವಿನ ಹೊತ್ತು 12:16. ಎರಡೂ ಬಿಂದುಗಳನ್ನು ಸೇರಿಸಿದರೆ ಪೂರ್ವ-ಪಶ್ಚಿಮ ಗೆರೆಯೂ ಸಿಕ್ಕಿತು, ದಿಕ್ಸೂಚಿ ಬೇಡ.

ಕಾಲ ಸಮೀಕರಣದ ಪ್ರಕಾರ ಆ ದಿನ ಸೂರ್ಯ ಸರಾಸರಿಗಿಂತ 7.5 ನಿಮಿಷ ಮುಂದಿರುತ್ತಾನೆ. ಅದನ್ನು ಕೂಡಿಸಿದರೆ 12:23.5. ಹನ್ನೆರಡರ ಮೇಲಿನ 23.5 ನಿಮಿಷವನ್ನು 4ರಿಂದ ಭಾಗಿಸಿ, ಬಂದ 5.9 ಅನ್ನು 82.5ರಿಂದ ಕಳೆದರೆ ರೇಖಾಂಶ 76.6. ಕೈಗಡಿಯಾರ ಒಂದು ನಿಮಿಷ ಹಿಂದಿದ್ದರೆ ನೀವು ಮಂಡ್ಯದಲ್ಲಿದ್ದೀರಿ ಎಂದೇ ಉತ್ತರ ಬರುತ್ತದೆ, ಆದ್ದರಿಂದ ಮೊಬೈಲಿನ ಸಮಯವನ್ನೇ ನೋಡಿ.

ಅಕ್ಷಾಂಶಕ್ಕೆ 12:16ರಲ್ಲಿ ಬುಡದಿಂದ ಚುಕ್ಕೆಗಿರುವ ದೂರ ಸಾಕು. ಅದು 21.8 ಸೆಂಟಿಮೀಟರ್, ಅಂದರೆ 0.218 ಮೀಟರ್ ಇದ್ದರೆ 0.218ರ ವಿಲೋಮ ಟ್ಯಾನ್ (tan⁻¹) 12.3 ಡಿಗ್ರಿ, ಅದೇ ಅಕ್ಷಾಂಶ. ಬೇರೆ ದಿನಗಳಲ್ಲಿ ಈ ಕೋನಕ್ಕೆ ಅಂದಿನ ಸೂರ್ಯನ ಕ್ರಾಂತಿಯನ್ನು, ಅಂದರೆ ಸಮಭಾಜಕದಿಂದ ಅವನು ಸರಿದಿರುವ ಕೋನವನ್ನು, ಸೇರಿಸಬೇಕು; ಅದು ದಕ್ಷಿಣಕ್ಕಿದ್ದರೆ ಕಳೆಯಬೇಕು. ಡಿಸೆಂಬರ್ 21ರಂದು ಚುಕ್ಕೆ 72 ಸೆಂಟಿಮೀಟರ್ ದೂರ, ಅಂದರೆ 35.7 ಡಿಗ್ರಿ. ಕ್ರಾಂತಿ ದಕ್ಷಿಣಕ್ಕೆ 23.4, ಕಳೆದರೆ ಮತ್ತೆ 12.3. ಏಪ್ರಿಲ್ 22-23ರ ಸುಮಾರಿಗೆ ಚುಕ್ಕೆ ಬುಡದ ಮೇಲೇ ಬೀಳುತ್ತದೆ. ಅಲ್ಲಿಂದ ಆಗಸ್ಟ್ 20ರ ತನಕ ಅದು ಬುಡದ ದಕ್ಷಿಣಕ್ಕೆ. ಆಗ ಲೆಕ್ಕ ತಿರುಗುಮುರುಗು, ಕ್ರಾಂತಿಯಿಂದಲೇ ಕೋನವನ್ನು ಕಳೆಯಬೇಕು. ಮಳೆಗಾಲದ ಮೋಡ ಬಿಟ್ಟುಕೊಟ್ಟರೆ ಜೂನ್ 21ರಂದು ಸಿಗುವ ದೂರ 19.7 ಸೆಂಟಿಮೀಟರ್.