ಹೈಡ್‌ನ ಕಿಟಕಿ ಎಷ್ಟು ಎತ್ತರದಲ್ಲಿ ಇರಬೇಕು?

ಪ್ರಶ್ನೆ: ಮರಗಳ ನಡುವೆ ಕೂತು ಹಕ್ಕಿಗಳ ಫೋಟೊ ತೆಗೆಯಲು ಹಲಗೆಯ ಹೈಡ್ (ಹಕ್ಕಿಗೆ ಕಾಣದಂತೆ ಅಡಗಿ ಕೂರುವ ಗುಡಿಸಲು) ಕಟ್ಟಬೇಕೆಂದಿದ್ದೇನೆ. ಕಿಟಕಿ ನೆಲದಿಂದ ಎಷ್ಟು ಎತ್ತರದಲ್ಲಿ ಇರಬೇಕು? ಹಕ್ಕಿ ಕೂರುವ ಕೊಂಬೆ ಎಷ್ಟು ದೂರವಿದ್ದರೆ ಸರಿ?

ಉತ್ತರ: ಹಕ್ಕಿಯ ಕಣ್ಣು ಎಲ್ಲಿರುತ್ತದೋ ಲೆನ್ಸ್ ಆ ಮಟ್ಟಕ್ಕೆ ಬರಬೇಕು. ಲೆನ್ಸ್ ಎಲ್ಲಿ ಬರುತ್ತದೋ ಅಲ್ಲಿ ಕಿಟಕಿ. ಅಂದರೆ ಕಿಟಕಿಯ ಅಳತೆ ಶುರುವಾಗುವುದು ಗೋಡೆಯಿಂದಲ್ಲ, ಎದುರಿಗಿರುವ ಕೊಂಬೆಯಿಂದ. ತುಂಬಾ ಜನ ಮೊದಲು ಗುಡಿಸಲು ಎಬ್ಬಿಸಿ, ಆಮೇಲೆ ಒಳಗೆ ನಿಂತು ನೋಡಿ ತೂತು ಕೊರೆಯುತ್ತಾರೆ. ಅಂಥ ಹೈಡ್‌ನಿಂದ ಸಿಗುವುದು ಬರೀ ಹಕ್ಕಿಯ ಬೆನ್ನು, ಅದರ ಹಿಂದೆ ತರಗೆಲೆ.

ಹಾಗಾಗಿ ಒಂದು ಹಲಗೆಯನ್ನೂ ಕೊಯ್ಯುವ ಮೊದಲು ಒಂದು ಸ್ಟೂಲ್ ಮತ್ತು ಕ್ಯಾಮೆರಾ ತಗೊಂಡು ಜಾಗಕ್ಕೆ ಹೋಗಿ. ಕೊಂಬೆಯೊಂದನ್ನು ನೆಟ್ಟು, ನೀವು ಫೋಟೊ ತೆಗೆಯುವ ಹೊತ್ತಿಗೇ ಕೂತು ನೋಡಿ. ಬೆಳಗಿನ ಬೆಳಕು ಬೇಕಾದರೆ ಹೈಡ್ ಪೂರ್ವಕ್ಕೆ, ಕೊಂಬೆ ಪಶ್ಚಿಮಕ್ಕೆ. ಸಂಜೆಗೆ ಅದರ ತಿರುಗಾಮುರುಗ. ಇದು ಬಯಲಿನ ಲೆಕ್ಕ. ಮರಗಳ ನಡುವೆ ಬಿಸಿಲು ಯಾವ ಸಂದಿಯಿಂದ ಇಳಿಯುತ್ತದೆ ಅನ್ನೋದನ್ನು ಕೂತೇ ತಿಳಿಯಬೇಕು. ಕೊಂಬೆಯ ಹಿಂದೆ ಹತ್ತು ಮೀಟರಾದರೂ ಖಾಲಿ ಇರಲಿ. 400 ಮಿ.ಮೀ. ಲೆನ್ಸ್‌ನಲ್ಲಿ, ಎಫ್ 5.6 ಅಪರ್ಚರ್‌ನಲ್ಲಿ (ಲೆನ್ಸ್ ಒಳಗಿನ ಕಿಂಡಿ ತೆರೆಯುವ ಅಳತೆ), ಆರು ಮೀಟರ್ ದೂರದ ವಸ್ತುವಿಗೆ ಫೋಕಸ್ ಸಿಗುವ ಆಳ ಸುಮಾರು 7-8 ಸೆಂ.ಮೀ. ಮಾತ್ರ. ದೂರದ ಎಲೆಗಳೆಲ್ಲ ಕರಗಿ ಬರೀ ಬಣ್ಣವಾಗುತ್ತವೆ. ಪೊದೆ ಕೊಂಬೆಗೆ ಅಂಟಿಕೊಂಡಿದ್ದರೆ ಎಂಥ ಲೆನ್ಸ್ ತಂದರೂ ಕಡ್ಡಿಗಳ ಗೋಜಲೇ.

ದೂರಕ್ಕೆ ಒಂದು ಸುಲಭ ಲೆಕ್ಕವಿದೆ. ದೂರವನ್ನು 36ರಿಂದ ಗುಣಿಸಿ, ಲೆನ್ಸ್‌ನ ಮಿಲಿಮೀಟರ್‌ನಿಂದ (ಫೋಕಲ್ ಲೆಂಗ್ತ್) ಭಾಗಿಸಿ. ಫುಲ್ ಫ್ರೇಮ್ ಕ್ಯಾಮೆರಾದ (ಸೆನ್ಸರ್ 36 ಮಿ.ಮೀ. ಅಗಲದ್ದು) ಚೌಕಟ್ಟಿನ ಅಗಲ ಬರುತ್ತದೆ. ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರ್ ಆದರೆ 36ರ ಬದಲು 24 ಅಂದುಕೊಳ್ಳಿ. ಆರು ಮೀಟರ್‌ಗೆ 400 ಮಿ.ಮೀ. ಲೆನ್ಸ್ ಹಿಡಿದರೆ 54 ಸೆಂ.ಮೀ. ಅಗಲದ ಜಾಗ ಚೌಕಟ್ಟಿನಲ್ಲಿ ಬಂತು. ಗುಬ್ಬಿ ಗಾತ್ರದ ಹಕ್ಕಿ ಅದರ ಕಾಲು ಭಾಗ ತುಂಬುತ್ತದೆ. ಹಕ್ಕಿಯೂ ಕಾಣಬೇಕು, ಕೊಂಬೆಯೂ ಕಾಣಬೇಕು ಅನ್ನುವವರಿಗೆ ಇದು ಒಳ್ಳೆಯ ಅಳತೆ. ಜಿಂಕೆ ಬರುವ ಜಾಗವಾದರೆ ಅದೇ ಲೆನ್ಸ್‌ಗೆ 20 ಮೀಟರ್ ಬೇಕು. ತೀರಾ ಹತ್ತಿರವೂ ಆಗಬಾರದು. ಕೆಲವು ದೊಡ್ಡ ಲೆನ್ಸ್‌ಗಳು ನಾಲ್ಕು ಮೀಟರ್ ಒಳಗೆ ಫೋಕಸ್ ಆಗುವುದೇ ಇಲ್ಲ.

ಈಗ ಎತ್ತರ. ಮಾಮೂಲಿ ಕುರ್ಚಿಯಲ್ಲಿ ಕೂತರೆ ಲೆನ್ಸ್ ನೆಲದಿಂದ 110-120 ಸೆಂ.ಮೀ. ಮೇಲೆ ಬರುತ್ತದೆ. ಗಿಡ್ಡ ಸ್ಟೂಲ್ ಆದರೆ ಒಂದು ಮೀಟರ್‌ನ ಹತ್ತಿರ. ಕೊಂಬೆಯನ್ನು ಬೇಕಾದ ಎತ್ತರಕ್ಕೆ ನೆಡಬಹುದು, ಹಾಗಾಗಿ ಅಲ್ಲಿ ತಾಪತ್ರಯವಿಲ್ಲ. ಕಷ್ಟ ಬರುವುದು ನೆಲದಲ್ಲಿ ಮೇಯುವ, ನೀರಿಗೆ ಇಳಿಯುವ ಹಕ್ಕಿಗಳಿಗೆ. ಲೆನ್ಸ್ ನೆಲಕ್ಕಿಂತ 20 ಸೆಂ.ಮೀ. ಮೇಲಿರಬೇಕು ಅಂದರೆ ಕುರ್ಚಿಯ ಕೆಳಗೆ ಸುಮಾರು ಒಂದು ಮೀಟರ್ ಗುಂಡಿ ತೋಡಬೇಕು. ತೋಡುವಾಗ ಬೇರು ಸಿಗುತ್ತದೆ, ಮಳೆ ಬಂದರೆ ನೀರು ನಿಲ್ಲುತ್ತದೆ, ಹಲಗೆ ಕೊಳೆಯುತ್ತದೆ. ನನ್ನನ್ನು ಕೇಳಿದರೆ ನೀವು ಇಳಿಯುವ ಬದಲು ನೀರನ್ನೇ ಮೇಲೆತ್ತಿ. ಗಟ್ಟಿ ಮರದ ಚೌಕಟ್ಟಿನ ಮೇಲೆ, ಕಿಟಕಿಯ ಮಟ್ಟಕ್ಕಿಂತ ಒಂದು ಗೇಣು ಕೆಳಗೆ, ಟಾರ್ಪಾಲಿನ್ ಹಾಸಿ ಪುಟ್ಟ ಕೊಳ ಮಾಡಿ. ಮೂರರಿಂದ ಐದು ಸೆಂ.ಮೀ. ನೀರು ಸಾಕು. ಅಂಚಿಗೆ ಕಲ್ಲು, ಪಾಚಿ ಇಟ್ಟರೆ ಫೋಟೊದಲ್ಲಿ ಅದು ನೆಲವಲ್ಲ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಕಿಟಕಿ 40 ಸೆಂ.ಮೀ. ಅಗಲ, 30 ಎತ್ತರ ಇದ್ದರೆ ಲೆನ್ಸ್ ಸರಾಗವಾಗಿ ತಿರುಗುತ್ತದೆ. ಎರಡು ಪದರ ಬಲೆ ಇಳಿಬಿಟ್ಟು, ಲೆನ್ಸ್‌ನ ಮೂತಿ ಹೊರಗೆ ಚಾಚದಂತೆ ನೋಡಿಕೊಳ್ಳಿ. ಒಂದೇ ಕಡೆಯಿಂದ ಕಾಣುವ ಗಾಜು ಹಾಕಿಸಲೇ ಅಂತಲೂ ಕೆಲವರು ಕೇಳುತ್ತಾರೆ. ಒಳಗೆ ಆರಾಮಾಗಿ ಅಲುಗಾಡಬಹುದು, ನಿಜ. ಆದರೆ ಒಂದು ಸ್ಟಾಪ್‌ಗಿಂತ ಜಾಸ್ತಿ, ಅಂದರೆ ಅರ್ಧಕ್ಕಿಂತ ಹೆಚ್ಚು, ಬೆಳಕು ಹೋಗುತ್ತದೆ. ಓರೆಯಾಗಿ ಹಿಡಿದರೆ ಚಿತ್ರ ಮಸುಕು. ಮರದ ನೆರಳಲ್ಲಿ ಬೆಳಕೇ ಕಮ್ಮಿ ಇರುವಾಗ ನನಗಂತೂ ಬಲೆಯೇ ಮೇಲು.

ಕಿಟಕಿಯ ಕೆಳಗೆ ಬೀನ್‌ಬ್ಯಾಗ್ (ಲೆನ್ಸ್ ಊರುವ ಮೆತ್ತನೆಯ ಚೀಲ) ಇಡಲು ಒಂದು ಅಡ್ಡ ಹಲಗೆ ಬೇಕು. ಟ್ರೈಪಾಡ್‌ನ ಕಾಲು ಜಾಗ ತಿನ್ನುತ್ತದೆ. ಈ ಹಲಗೆಯನ್ನು ಗೋಡೆಗೋ ನೆಲದ ಹಲಗೆಗೋ ಹೊಡೆಯಬೇಡಿ. ಮಣ್ಣಿಗೇ ಎರಡು ಕಂಬ ಹೂತು, ನೆಲದ ಹಲಗೆಯಲ್ಲಿ ಸಂದಿ ಬಿಟ್ಟು, ಆ ಕಂಬಗಳ ಮೇಲೆ ಕೂರಿಸಿ. ಇಲ್ಲದಿದ್ದರೆ ಪಕ್ಕದವರು ಕಾಲು ಮಡಚಿದರೂ ವ್ಯೂಫೈಂಡರ್‌ನಲ್ಲಿ ಹಕ್ಕಿ ಕುಣಿಯುತ್ತದೆ.

ಉಳಿದದ್ದು ಸಾದಾ ಬಡಗಿ ಕೆಲಸ. ಇಬ್ಬರಿಗೆ 2 ಮೀಟರ್ ಉದ್ದ, ಒಂದೂವರೆ ಅಗಲ. ಬುಡ ಕಲ್ಲಿನ ಮೇಲಿರಲಿ, ಮಣ್ಣು ತಾಗಿದರೆ ಗೆದ್ದಲು ಗ್ಯಾರಂಟಿ. ಹಸಿ ಹಲಗೆ ಒಣಗಿ ಕುಗ್ಗಿ ಸಂದಿ ಬಿಡುತ್ತದೆ, ಅದಕ್ಕೇ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಏರಿಸಿ ಹೊಡೆಯಿರಿ. ಸೂರಿನ ಇಳಿಜಾರು ಹಿಂದಕ್ಕೆ. ಬದುಕಿರುವ ಮರಕ್ಕೆ ಮೊಳೆ ಹೊಡೆಯಬೇಡಿ. ಗಾಳಿಗೆ ಅದು ತೂಗಿದಂತೆ ಗೋಡೆಯೂ ಕಿರಗುಡುತ್ತದೆ. ಕಟ್ಟುವ ಮೊದಲು ತಲೆ ಎತ್ತಿ ಒಣಗಿದ ಕೊಂಬೆ ಇದೆಯೇ ನೋಡಿ. ಜಾಗ ಯಾರದ್ದೋ ಅವರ ಅನುಮತಿ ಮೊದಲು.

ಬಾಗಿಲ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಅದು ಹಿಂಬದಿಗಿರಲಿ, ಒಳಗೆ ದಪ್ಪ ಕಪ್ಪು ಪರದೆ ಇರಲಿ. ಹಿಂದಿನಿಂದ ಬೆಳಕು ನುಗ್ಗಿದರೆ ಕಿಟಕಿಯಲ್ಲಿ ನಿಮ್ಮ ತಲೆಯ ಆಕಾರ ಎದ್ದು ಕಾಣುತ್ತದೆ. ಹಕ್ಕಿಗಳು ಹೆದರುವುದು ಗುಡಿಸಲಿಗಲ್ಲ, ಮನುಷ್ಯನ ಆಕಾರ ಮತ್ತು ಅಲುಗಾಟಕ್ಕೆ. ಇಂಗ್ಲೆಂಡಿನ ಕೀರ್ಟನ್ ಸಹೋದರರು 1900ರ ಸುಮಾರಿಗೆ ಟೊಳ್ಳು ಮಾಡಿದ ಎತ್ತಿನ ಬೊಂಬೆಯೊಳಗೆ ಹೊಕ್ಕು ಫೋಟೊ ತೆಗೆದದ್ದು ಇದೇ ನಂಬಿಕೆಯಿಂದ. ಒಳಗೋಡೆಗೆ ಹೊಳಪಿಲ್ಲದ ಕಪ್ಪು ಬಣ್ಣ, ನೆಲಕ್ಕೆ ಹಳೇ ಕಾರ್ಪೆಟ್, ಬಾಗಿಲ ಕೀಲುಗಳಿಗೆ ಎಣ್ಣೆ.

ಗೂಡಿನ ಹತ್ತಿರ ಮಾತ್ರ ಕಟ್ಟಲೇಬೇಡಿ. ಮರಿಗಳಿಗೂ ಅಪಾಯ, ನಿಮಗೂ. 1937ರಲ್ಲಿ ಬ್ರಿಟನ್ನಿನ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ ರಾತ್ರಿ ತಮ್ಮ ಹೈಡ್‌ಗೆ ಹತ್ತುವಾಗ ಗೂಬೆಯೊಂದು ಎರಗಿ ಅವರ ಒಂದು ಕಣ್ಣೇ ಹೋಯಿತು. ಮರಿ ಮಾಡುವ ಕಾಲ ಮುಗಿದ ಮೇಲೆ ಕೆಲಸ ಶುರು ಮಾಡಿ.

ಕಟ್ಟಿ ಮುಗಿದ ತಕ್ಷಣ ಕ್ಯಾಮೆರಾ ಹಿಡಿದು ಕೂರಬೇಡಿ. ಕೆಲವು ವಾರ ಹಾಗೇ ಬಿಡಿ. ಬಲೆಯ ನಡುವೆ ಲೆನ್ಸ್ ದಪ್ಪದ ಕಪ್ಪು ಪೈಪ್ ತುಂಡೊಂದನ್ನು ಇಟ್ಟು, ಆಗಾಗ ಅದರ ದಿಕ್ಕು ಬದಲಿಸಿ. ನಿಜವಾದ ಲೆನ್ಸ್ ಬಂದಾಗ ಹಕ್ಕಿಗಳಿಗೆ ಅದು ಹೊಸದೇನಲ್ಲ.