ಬೋಟ್ 1,500 ಕೆಜಿ ಇದ್ದರೆ 1,500 ಕೆಜಿಯ ಟ್ರೈಲರ್ ಸಾಕಾ?

ಓದುಗರ ಪ್ರಶ್ನೆ: ಮೀನು ಹಿಡಿಯೋಕೆ ದೊಡ್ಡ ಬೋಟ್ ತಗೊಂಡಿದ್ದೀನಿ. ಕಂಪನಿ ಕೊಟ್ಟ ಪುಸ್ತಕದಲ್ಲಿ ತೂಕ 1,500 ಕೆಜಿ ಅಂತಿದೆ. ಅಷ್ಟೇ ತೂಕ ಹೊರುವ ಟ್ರೈಲರ್ ಸಾಕಲ್ವಾ?

ಸಾಕಾಗಲ್ಲ. ಆ 1,500 ಸಾಮಾನ್ಯವಾಗಿ ಖಾಲಿ ಬೋಟಿನ ತೂಕ. ಎಷ್ಟೋ ಸಲ ಅದರಲ್ಲಿ ಇಂಜಿನ್ನೂ ಸೇರಿರುವುದಿಲ್ಲ. ಹಿಂದೆ ನೇತುಹಾಕುವ ದೊಡ್ಡ ಇಂಜಿನ್ ಒಂದೇ 250 ಕೆಜಿ ತೂಗುತ್ತದೆ, 300 ಲೀಟರ್ ಪೆಟ್ರೋಲ್ ತುಂಬಿಸಿದರೆ ಇನ್ನೊಂದು 220 ಕೆಜಿ, ಎರಡು ಬ್ಯಾಟರಿಗೆ 50, ಆಮೇಲೆ ಲಂಗರು, ಅದರ ಚೈನು, ಐಸ್ ಬಾಕ್ಸು, ಗಾಳ, ಬಲೆ ಅಂತ ಸುಲಭವಾಗಿ 150. ಕೂಡಿಸಿದರೆ 2,170 ಆಯ್ತು. ಇದರ ಮೇಲೆ ನೂರಕ್ಕೆ 20ರಷ್ಟು ಜಾಸ್ತಿ ಇಟ್ಟುಕೊಳ್ಳಿ. ಅಂದರೆ ಸುಮಾರು 2,600 ಕೆಜಿ ಹೊರುವ ಟ್ರೈಲರ್ ಬೇಕು.

ಇಲ್ಲಿ ಒಂದು ಎಚ್ಚರ. ಟ್ರೈಲರ್ ಮೇಲಿನ ತಗಡಿನಲ್ಲಿ ದೊಡ್ಡದಾಗಿ ಬರೆದಿರುವುದು ಹೆಚ್ಚಾಗಿ ಒಟ್ಟು ತೂಕ, ಅದರಲ್ಲಿ ಟ್ರೈಲರಿನ ಸ್ವಂತ ತೂಕವೂ ಸೇರಿರುತ್ತದೆ. ಅದನ್ನು ಕಳೆದ ಮೇಲೆ ಉಳಿಯುವುದಷ್ಟೇ ನಿಮ್ಮ ಬೋಟಿಗೆ. ಗಾಡಿ ಎಳೆಯಬೇಕಾಗಿರುವುದು ಮಾತ್ರ ಎರಡನ್ನೂ. ಗಾಡಿಯ ಪುಸ್ತಕ ಅಷ್ಟು ತೂಕಕ್ಕೆ ಒಪ್ಪದಿದ್ದರೆ ಟ್ರೈಲರ್ ಎಷ್ಟೇ ಗಟ್ಟಿಯಾಗಿದ್ದರೂ ಉಪಯೋಗವಿಲ್ಲ. ಅಂದಾಜು ಬಿಡಿ, ಎಲ್ಲ ತುಂಬಿಸಿ ವೇಬ್ರಿಡ್ಜ್ ಮೇಲೆ ಹತ್ತಿಸಿ.

ಇಷ್ಟು ತೂಕಕ್ಕೆ ಎರಡು ಆಕ್ಸಲ್ (ಚಕ್ರಗಳನ್ನು ಜೋಡಿಸುವ ಅಡ್ಡ ಅಚ್ಚು) ಇರುವುದನ್ನೇ ತಗೊಳ್ಳಿ. ಒಂದು ಟೈರ್ ಒಡೆದರೂ ಗಾಡಿಯನ್ನು ಬದಿಗೆ ತರಬಹುದು. ಟ್ರೈಲರಿಗೇ ಬ್ರೇಕ್ ಇರಲೇಬೇಕು. ಉಪ್ಪುನೀರಿಗೆ ಇಳಿಸುವುದಾದರೆ ಸತು ಲೇಪಿಸಿದ ಕಬ್ಬಿಣ ಇಲ್ಲವೇ ಅಲ್ಯೂಮಿನಿಯಂ. ಬರೀ ಪೇಂಟ್ ಹೊಡೆದದ್ದು ಬೇಗ ತುಕ್ಕು ಹಿಡಿಯುತ್ತದೆ.

ಬೋಟಿನ ತಳಕ್ಕೆ ರೋಲರ್ ಬೇಕಾ, ಉದ್ದ ಹಲಗೆ ಬೇಕಾ? ಭಾರದ ಬೋಟಿಗೆ ನನ್ನ ಮತ ಹಲಗೆಗೆ. ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ರೋಲರ್ ಮೇಲೆ ಬೋಟ್ ಸಲೀಸಾಗಿ ಜಾರುತ್ತದೆ ನಿಜ, ನೀರು ಆಳವಿಲ್ಲದ ಕಡೆ ಅದೇ ಅನುಕೂಲ, ಆದರೆ ಭಾರವೆಲ್ಲ ಅಲ್ಲೊಂದು ಇಲ್ಲೊಂದು ಜಾಗದ ಮೇಲೆ ಬೀಳುತ್ತದೆ. ಯಾವುದಾದರೂ ಸರಿ, ಆಸರೆ ಬೋಟಿನ ಹಿಂತುದಿಯವರೆಗೂ ಇರಬೇಕು. ಇಂಜಿನ್ ಕೂತಿರುವ ಭಾಗ ಗಾಳಿಯಲ್ಲಿ ನೇತಾಡಿದರೆ ದಿನ ಕಳೆದಂತೆ ತಳವೇ ಬಾಗಬಹುದು.

ಈಗ ಬಹಳ ಜನ ಸುಮ್ನೆ ಬಿಟ್ಟುಬಿಡುವ ಕೆಲಸ. ಒಟ್ಟು ತೂಕದಲ್ಲಿ ನೂರಕ್ಕೆ 7ರಿಂದ 10ರಷ್ಟು, ಟ್ರೈಲರನ್ನು ಗಾಡಿಗೆ ಸಿಕ್ಕಿಸುವ ಮುಂದಿನ ಕೊಂಡಿಯ ಮೇಲೆ ಬೀಳಬೇಕು. ತುಂಬಿದ ಬೋಟು, ಟ್ರೈಲರ್ ಎರಡೂ ಸೇರಿ 2,700 ಕೆಜಿ ಆದರೆ ಅದು 190ರಿಂದ 270 ಕೆಜಿ. ಗಾಡಿಯ ಪುಸ್ತಕದಲ್ಲಿ ಇದಕ್ಕೂ ಒಂದು ಮಿತಿ ಬರೆದಿರುತ್ತದೆ, ಅದನ್ನು ಮೀರಬೇಡಿ. ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಎಡಕ್ಕೂ ಬಲಕ್ಕೂ ತೂಗಾಡತೊಡಗಿ ಗಾಡಿಯನ್ನೂ ಎಳೆದಾಡುತ್ತದೆ. ಜಾಸ್ತಿಯಾದರೆ ಗಾಡಿಯ ಹಿಂಭಾಗ ಕುಸಿದು ಸ್ಟೇರಿಂಗ್ ಹಿಡಿತ ಸಡಿಲವಾಗುತ್ತದೆ. ನೋಡುವುದು ಸುಲಭ. ಗಾಡಿಯಿಂದ ಬಿಡಿಸಿ, ಟ್ರೈಲರ್ ಸಮತಟ್ಟಾಗಿರುವಾಗ ಅದರ ಮುಂದಿನ ಜಾಕನ್ನು ಮಾತ್ರ ತೂಕದ ಯಂತ್ರದ ಮೇಲಿಡಿ. ಭಾರ ಕಡಿಮೆ ಬಂದರೆ ವಿಂಚ್ (ಬೋಟನ್ನು ಟ್ರೈಲರ್ ಮೇಲೆ ಎಳೆಯುವ ರಾಟೆ) ಇರುವ ಕಂಬವನ್ನು ಮುಂದಕ್ಕೆ ಸರಿಸಿ ಬೋಟನ್ನೂ ಮುಂದೆ ತನ್ನಿ, ಜಾಸ್ತಿ ಬಂದರೆ ಹಿಂದಕ್ಕೆ. ಹಾಗೆ ಹಿಂದಕ್ಕೆ ಸರಿಸಿದರೆ ಬೋಟಿನ ಹಿಂತುದಿ ಹಲಗೆ ದಾಟಿ ಹೊರಗೆ ಹೋಗುತ್ತದೆ ಅನ್ನುವಂತಿದ್ದರೆ ಬೋಟನ್ನು ಮುಟ್ಟಬೇಡಿ, ಆಕ್ಸಲನ್ನೇ ಮುಂದಕ್ಕೆ ಸರಿಸಿ. ಇದು ಮೆಕ್ಯಾನಿಕ್ ಕೈಯಲ್ಲಿ ಆಗುವ ಕೆಲಸ.

ವಿಂಚಿನ ಪಟ್ಟಿಯೊಂದನ್ನೇ ನಂಬಬೇಡಿ. ಮುಂದೆ ಬೇರೆ ಚೈನ್, ಹಿಂದೆ ಎರಡೂ ಕಡೆ ಬೆಲ್ಟ್ ಬೇಕು. ಬೇರಿಂಗ್ ವಿಷಯಕ್ಕೆ ಬಂದರೆ, ಓಡಿ ಬಿಸಿಯಾದ ಹಬ್ (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ) ಅನ್ನು ತಕ್ಷಣ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಸೀಲ್ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ, ಗ್ರೀಸ್ ಕೆಡುತ್ತದೆ. ಸ್ವಲ್ಪ ಹೊತ್ತು ಆರಲು ಬಿಡಿ. ಲೈಟಿನ ಪ್ಲಗ್ಗನ್ನೂ ಆಗಲೇ ಕಿತ್ತಿಡಿ. ಸ್ಟೆಪ್ನಿ ಟೈರಿನ ಗಾಳಿಯನ್ನು ಹೊರಡುವ ಮುಂಚೆ ನೋಡಿ, ಅದನ್ನು ಮರೆಯುವವರೇ ಜಾಸ್ತಿ.