ಭಾಜಕವನ್ನು ಹುಡುಕದೆ ತಿಳಿಯುವ ಅವಿಭಾಜ್ಯತೆ

ಬದಿಯಡ್ಕದ ಕಡೆಯ ತೋಟವೊಂದರಲ್ಲಿ 31 ಕಂಗಿನ ಸಸಿಗಳನ್ನು ಸಮಸಾಲುಗಳಲ್ಲಿ ನೆಡಲು ಹೊರಟವರಿಗೆ ಒಂದೇ ಉದ್ದ ಸಾಲಲ್ಲದೆ ಬೇರೆ ದಾರಿಯಿಲ್ಲ. 30 ಇದ್ದಿದ್ದರೆ ಐದು ಸಾಲುಗಳಲ್ಲಿ ಆರಾರು ನೆಡಬಹುದಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು 31ರಂಥ ಸಂಖ್ಯೆಯನ್ನು ಅವಿಭಾಜ್ಯ ಎನ್ನುತ್ತಾರೆ; ಪಕ್ಕದ ಮಲಯಾಳ ತರಗತಿಯಲ್ಲಿ ಅದೇ ಅಭಾಜ್ಯ. ಸಸಿಗಳ ಲೆಕ್ಕ ಕಣ್ಣಿಗೇ ಕಾಣುತ್ತದೆ. ಆದರೆ 39 ಅಂಕಿಗಳ ಸಂಖ್ಯೆಯೊಂದು ಯಾವುದರಿಂದಲೂ ಭಾಗವಾಗದೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

31 ಎಂದರೆ 2ರ ಐದನೇ ಘಾತದಿಂದ 1 ಕಳೆದದ್ದು. ಈ ಬಗೆಯ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಘಾತಾಂಕವೂ ಅವಿಭಾಜ್ಯವಾಗಿರಲೇಬೇಕು. ಅಷ್ಟೇ ಸಾಲದು: ಘಾತಾಂಕ 11 ಆದಾಗ ಸಿಗುವ 2047 ಎಂಬುದು 23 ಮತ್ತು 89ರ ಗುಣಲಬ್ಧ. ಫ್ರಾನ್ಸಿನ ಸಂನ್ಯಾಸಿ ಮರೆನ್ ಮೆರ್ಸೆನ್ 1644ರಲ್ಲಿ 257ರವರೆಗಿನ ಘಾತಾಂಕಗಳಲ್ಲಿ ಯಾವುವು ಅವಿಭಾಜ್ಯವನ್ನು ಕೊಡುತ್ತವೆಂದು ಪಟ್ಟಿ ಮಾಡಿದರು. 67 ಮತ್ತು 257 ಅದರಲ್ಲಿ ತಪ್ಪಾಗಿ ಸೇರಿದ್ದವು. 61, 89, 107 ಬಿಟ್ಟುಹೋಗಿದ್ದವು. ಆದರೂ ಆ ಪಟ್ಟಿಯನ್ನು ಪರೀಕ್ಷಿಸುವ ಹಟವೇ ಮುಂದಿನ ಗಣಿತವನ್ನು ಬೆಳೆಸಿತು.

1772ರಲ್ಲಿ ಗಣಿತಜ್ಞ ಆಯ್ಲರ್ ಘಾತಾಂಕ 31ರ ಸಂಖ್ಯೆ, ಅಂದರೆ 2147483647, ಅವಿಭಾಜ್ಯವೆಂದು ತೋರಿಸಿದರು. ಅದಕ್ಕೆ ಭಾಜಕವಿದ್ದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಸುವ ಅವಿಭಾಜ್ಯ ಭಾಜಕವೇ ಇರಬೇಕೆಂದು ಅರಿತು, ವರ್ಗಮೂಲದವರೆಗೆ ಅಂಥವನ್ನು ಮಾತ್ರ ಪರೀಕ್ಷಿಸಿದರು. ಶ್ರಮ ಬಹಳ ಇಳಿಯಿತು, ಆದರೆ ಅದು ಇನ್ನೂ ಭಾಜಕದ ಹುಡುಕಾಟವೇ ಆಗಿತ್ತು.

ನಿಜವಾದ ತಿರುವು ಬಂದದ್ದು 1876ರಲ್ಲಿ, ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲುಕಾ ಅವರಿಂದ. ಡಿ. ಎಚ್. ಲೆಹ್ಮರ್ 1930ರಲ್ಲಿ ಅಚ್ಚುಕಟ್ಟುಗೊಳಿಸಿದ ರೂಪದಲ್ಲಿ ಆ ವಿಧಾನವನ್ನು ಒಂಬತ್ತನೆಯ ತರಗತಿಯ ಹಲಗೆಯ ಮೇಲೆಯೇ ಮಾಡಿ ತೋರಿಸಬಹುದು. 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆದು, 31ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಮೊದಲು 14, ಮತ್ತೆ 194, ಅದರ ಶೇಷ 8, ಮತ್ತೆ 62, ಶೇಷ ಸೊನ್ನೆ. ಘಾತಾಂಕಕ್ಕಿಂತ ಎರಡು ಕಡಿಮೆ, ಅಂದರೆ ಮೂರು ಹೆಜ್ಜೆಗೆ ಸೊನ್ನೆ ಬಂದದ್ದರಿಂದ 31 ಅವಿಭಾಜ್ಯ. ಒಂದು ಭಾಜಕವನ್ನೂ ಹುಡುಕಲಿಲ್ಲ! ಎಷ್ಟು ಸಲ ಮಾಡಿದರೂ ಆ ಸೊನ್ನೆ ಬೀಳುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ಘಾತಾಂಕ 127ರ ಸಂಖ್ಯೆ, ಆ 39 ಅಂಕಿಗಳದ್ದು, ಅವಿಭಾಜ್ಯವೆಂದು ಲುಕಾ ಸಾಧಿಸಿದ್ದು 1876ರಲ್ಲೇ. 67ರದ್ದು ಭಾಗವಾಗುತ್ತದೆ ಎಂಬುದನ್ನೂ ಅವರು ಕಂಡುಕೊಂಡರು. ಯಾವುದರಿಂದ ಎಂದು ತಿಳಿಯಲು ಮಾತ್ರ ಫ್ರಾಂಕ್ ನೆಲ್ಸನ್ ಕೋಲ್ ಅವರ 1903ರ ಲೆಕ್ಕದವರೆಗೆ ಕಾಯಬೇಕಾಯಿತು: 193707721 ಮತ್ತು 761838257287.

2024ರ ಅಕ್ಟೋಬರಿನಲ್ಲಿ ಪ್ರಕಟವಾದ, ಘಾತಾಂಕ 136279841ರ, 41024320 ಅಂಕಿಗಳ ಅವಿಭಾಜ್ಯವನ್ನು ಖಚಿತಪಡಿಸಿದ್ದೂ ಲುಕಾ–ಲೆಹ್ಮರ್ ಪರೀಕ್ಷೆಯೇ. ಅದರೊಂದಿಗೆ ತಿಳಿದಿರುವ ಈ ಬಗೆಯ, ಅಂದರೆ ಮೆರ್ಸೆನ್ ಅವಿಭಾಜ್ಯಗಳು 52 ಆದವು. ಇವು ಅನಂತವೇ ಎಂಬುದಕ್ಕೆ ಸಾಧನೆ ಇನ್ನೂ ದೊರೆತಿಲ್ಲ.